ತೈ ಚಿ ಕಲಿಯಲು ಹೊರಟವರಿಗೆ: ಮೊದಲು ಕಾಲು, ಆಮೇಲೆ ಕೈ

ಪ್ರಶ್ನೆ: ನಾನು ಸೋಮವಾರಪೇಟೆ ಹತ್ತಿರದ ಹಳ್ಳಿಯವಳು. ವಯಸ್ಸು 56. ಸ್ವಲ್ಪ ಕಾಫಿ, ಕರಿಮೆಣಸಿನ ತೋಟ ಇದೆ. ಹೋದ ಮಳೆಗಾಲದಲ್ಲಿ ತೋಟದ ಇಳಿಜಾರಿನಲ್ಲಿ ಜಾರಿ ಬಿದ್ದೆ. ಮೂಳೆ ಮುರಿಯಲಿಲ್ಲ. ಆದರೆ ಅಂದಿನಿಂದ ಇಳಿಯುವಾಗ ಭಯ. ಬಲ ಮಂಡಿ ಮೊದಲಿಂದಲೂ ನೋಯುತ್ತದೆ. ಸವೆತ ಶುರುವಾಗಿದೆ, ವ್ಯಾಯಾಮ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಬೆಂಗಳೂರಿನಲ್ಲಿರುವ ಮಗಳು ಚೀನಾದ ನಿಧಾನ ಚಲನೆಗಳ ವ್ಯಾಯಾಮ ತೈ ಚಿ ಕಲಿಯಮ್ಮ ಎಂದು ಒಂದು ವಿಡಿಯೋ ಕಳಿಸಿದಳು. ಎರಡು ವಾರ ನೋಡಿಕೊಂಡು ಮಾಡಿದೆ. ಕೈ ನೋಡಿದರೆ ಕಾಲು ತಪ್ಪುತ್ತದೆ, ಕಾಲು ನೋಡಿದರೆ ಕೈ ಮರೆಯುತ್ತದೆ. ಇಲ್ಲಿ ಕಲಿಸುವವರು ಯಾರೂ ಇಲ್ಲ. ಇದೆಲ್ಲ ಕೈ ಆಡಿಸುವುದಷ್ಟೇ, ಏನು ಪ್ರಯೋಜನ ಅಂತಾರೆ ಯಜಮಾನರು. ಈ ವಯಸ್ಸಿನಲ್ಲಿ ನನಗೆ ಬರುತ್ತದಾ? ಎಲ್ಲಿಂದ ಶುರು ಮಾಡಲಿ? ಮಂಡಿಗೆ ತೊಂದರೆ ಆಗುವುದಿಲ್ಲವಾ?

ಉತ್ತರ:

ಬರುತ್ತದೆ ಅಕ್ಕ, ಖಂಡಿತ ಬರುತ್ತದೆ. ಆದರೆ ಮೊದಲು ಒಂದು ಕೆಲಸ ಮಾಡಿ. ಆ ವಿಡಿಯೋವನ್ನು ಒಂದು ತಿಂಗಳು ಪಕ್ಕಕ್ಕಿಡಿ. ಕೈಗಳನ್ನೂ ಮರೆತುಬಿಡಿ. ಸೊಂಟದ ಮೇಲೆ ಇಟ್ಟುಕೊಳ್ಳಿ, ಇಲ್ಲವೇ ಸುಮ್ನೆ ಇಳಿಬಿಡಿ. ತೈ ಚಿ ನೋಡುವವರ ಕಣ್ಣು ಮೊದಲು ಹೋಗುವುದು ಕೈಗಳ ಕಡೆಗೇ. ನೀರಿನೊಳಗೆ ಆಡಿದ ಹಾಗೆ ಚೆಂದ ಕಾಣುತ್ತವೆ. ಹಾಗಾಗಿ ಎಲ್ಲರೂ ಕೈಯಿಂದಲೇ ಶುರು ಮಾಡುತ್ತಾರೆ. ಎರಡು ವಾರಕ್ಕೆ ಗೊಂದಲವಾಗುತ್ತದೆ, ನಮಗಿದು ಆಗಿಬರಲ್ಲ ಎಂದು ಬಿಟ್ಟುಬಿಡುತ್ತಾರೆ. ಎಷ್ಟೋ ಜನರನ್ನು ನಾನು ಹೀಗೆ ಕಳೆದುಕೊಂಡಿದ್ದೇನೆ. ನಿಮ್ಮನ್ನೂ ಕಳೆದುಕೊಳ್ಳಲು ನನಗೆ ಇಷ್ಟವಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ತೈ ಚಿ ನಡೆಯುವುದು ಕಾಲಿನಲ್ಲಿ. ಮೈತೂಕ ಒಂದು ಕಾಲಿಂದ ಇನ್ನೊಂದು ಕಾಲಿಗೆ ಹೇಗೆ ದಾಟುತ್ತದೆ ಎಂಬುದು ಗೊತ್ತಾದರೆ ಅರ್ಧಕ್ಕಿಂತ ಜಾಸ್ತಿ ಕಲಿತ ಹಾಗೆ. ನಮ್ಮ ಕೊಡಗಿನವರಿಗೆ ಇದು ಹೊಸ ವಿಷಯವೇನೂ ಅಲ್ಲ. ಆಷಾಢದ ಮಳೆಯಲ್ಲಿ ತೋಟದ ಬರೆ, ಅಂದರೆ ಕಡಿದಾದ ಇಳಿಜಾರು, ಇಳಿಯುವ ಹಳೇ ಕೆಲಸದವರ ಕಾಲನ್ನು ಒಂದು ಸಲ ಗಮನಿಸಿ. ಮುಂದಿನ ಕಾಲು ಇಡುತ್ತಾರೆ, ಆದರೆ ಅದರ ಮೇಲೆ ತಕ್ಷಣ ಭಾರ ಹಾಕುವುದಿಲ್ಲ. ಕಲ್ಲು ಅಲುಗುತ್ತದಾ, ಬೇರು ಜಾರುತ್ತದಾ ಎಂದು ಪಾದವೇ ಕೇಳಿಕೊಳ್ಳುತ್ತದೆ. ಅಲ್ಲಿಯವರೆಗೆ ಇಡೀ ಮೈ ಹಿಂದಿನ ಕಾಲಿನ ಮೇಲೆಯೇ ಇರುತ್ತದೆ. ಕಲ್ಲು ಅಲುಗಿದರೆ ಕಾಲನ್ನು ಹಾಗೇ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಗಟ್ಟಿ ಇದೆ ಅನ್ನಿಸಿದರೆ ಮಾತ್ರ ತೂಕ ಮುಂದಕ್ಕೆ ಹೋಗುತ್ತದೆ. ತಲೆಯ ಮೇಲೆ ಸೊಪ್ಪಿನ ಹೊರೆ ಇದ್ದರೂ ಅವರ ಮೈಯ ಮೇಲ್ಭಾಗ ಅಲುಗುವುದಿಲ್ಲ.

ತೈ ಚಿಯ ಮೊದಲ ಪಾಠ ಇದೇ. ಚೀನೀಯರು ತೂಕ ಇರುವ ಕಾಲನ್ನು ತುಂಬಿದ ಕಾಲು, ತೂಕ ಇಲ್ಲದ ಕಾಲನ್ನು ಖಾಲಿ ಕಾಲು ಎಂದು ಕರೆಯುತ್ತಾರೆ. ಯಾವ ಕ್ಷಣದಲ್ಲಿ ಯಾವ ಕಾಲು ತುಂಬಿದೆ, ಯಾವುದು ಖಾಲಿ ಎಂಬುದು ಮಾಡುವವರಿಗೆ ಸ್ಪಷ್ಟವಾಗಿ ಗೊತ್ತಿರಬೇಕು. ನೀವು ಹೋದ ಮಳೆಗಾಲದಲ್ಲಿ ಬಿದ್ದ ಕ್ಷಣವನ್ನು ನೆನಪು ಮಾಡಿಕೊಳ್ಳಿ. ಬಹುಶಃ ಪಾದ ನೆಲ ಮುಟ್ಟುವ ಮೊದಲೇ ಮೈ ಮುಂದೆ ಹೋಗಿತ್ತು. ಪಾದ ಜಾರಿದಾಗ ಹಿಂದಕ್ಕೆ ಬರಲು ಹಿಂದಿನ ಕಾಲಿನಲ್ಲಿ ಏನೂ ಉಳಿದಿರಲಿಲ್ಲ. ಎಲ್ಲರೂ ನಡೆಯುವುದು ಹೀಗೇ. ಸಮತಟ್ಟು ರಸ್ತೆಯಲ್ಲಿ ಅದರಿಂದ ತೊಂದರೆ ಇಲ್ಲ. ಪಾಚಿ ಹಿಡಿದ ಮೆಟ್ಟಿಲಿನಲ್ಲಿ, ಕೆಂಪು ಮಣ್ಣಿನ ಇಳಿಜಾರಿನಲ್ಲಿ ಅದೇ ಬೀಳಿಸುತ್ತದೆ.

ಹಾಗಾದರೆ ಇಷ್ಟು ನಿಧಾನ ಯಾಕೆ ಅಂತ ಕೇಳಬಹುದು. ಊರ ಹಬ್ಬದ ಕ್ರೀಡಾಕೂಟದಲ್ಲಿ ನಿಧಾನ ಸೈಕಲ್ ಸ್ಪರ್ಧೆ ನೋಡಿರುತ್ತೀರಿ. ಜೋರಾಗಿ ಹೋಗುವಾಗ ಸೈಕಲ್ ತಾನೇ ನೆಟ್ಟಗಿರುತ್ತದೆ. ನಿಧಾನ ಮಾಡಿದ ಕೂಡಲೇ ಯಾರಿಗೆ ತೂಕ ಹಿಡಿಯಲು ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದು ಬಯಲಾಗುತ್ತದೆ. ಮೈಯೂ ಹಾಗೇ. ವೇಗ ನಮ್ಮ ತಪ್ಪನ್ನು ಮುಚ್ಚಿಡುತ್ತದೆ. ನಿಧಾನವಾಗಿ ಒಂದು ಹೆಜ್ಜೆ ಇಟ್ಟು ನೋಡಿದರೆ ಎಲ್ಲಿ ತೂಗಾಡುತ್ತೀರಿ, ಎಲ್ಲಿ ಧೊಪ್ಪೆಂದು ಬೀಳುತ್ತೀರಿ ಎಂದು ನಿಮಗೇ ಕಾಣುತ್ತದೆ. ಜೊತೆಗೆ ತೊಡೆಯ ಸ್ನಾಯುಗಳು ಪ್ರತಿ ಇಂಚಿಗೂ ಕೆಲಸ ಮಾಡಬೇಕಾಗುತ್ತದೆ, ಹಾಗಾಗಿ ಬಲ ಬರುತ್ತದೆ.

ಯಜಮಾನರ ಮಾತಿಗೆ ಬರುತ್ತೇನೆ. ಇದು ಹುಟ್ಟಿದ್ದೇ ಹೊಡೆದಾಟದ ವಿದ್ಯೆಯಾಗಿ. ಪೂರ್ತಿ ಹೆಸರು ತೈ ಚಿ ಚುವಾನ್. ಚುವಾನ್ ಅಂದರೆ ಮುಷ್ಟಿ. ಚೀನಾದ ಹೆನಾನ್ ಪ್ರಾಂತ್ಯದ ಚೆನ್ ಜಿಯಾಗೌ ಎಂಬ ಹಳ್ಳಿಯಲ್ಲಿ ಚೆನ್ ಮನೆತನದವರು ಇದನ್ನು ಬೆಳೆಸಿದರು. 17ನೇ ಶತಮಾನದಲ್ಲಿದ್ದ ಚೆನ್ ವಾಂಗ್‌ಟಿಂಗ್ ಎಂಬ ಯೋಧನ ಹೆಸರನ್ನು ಮೂಲಪುರುಷನೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಮನೆತನದವರಿಂದ ಕಲಿತ ಯಾಂಗ್ ಲುಚಾನ್ 19ನೇ ಶತಮಾನದಲ್ಲಿ ಅದನ್ನು ಬೀಜಿಂಗಿಗೆ ಒಯ್ದರು. ಅವರ ಮೊಮ್ಮಗ ಯಾಂಗ್ ಚೆಂಗ್‌ಫು ಅದನ್ನು ಒಂದೇ ವೇಗದ, ನಿಧಾನದ, ಅಗಲವಾದ ಚಲನೆಗಳಾಗಿ ರೂಪಿಸಿ ಸಾಮಾನ್ಯ ಜನರಿಗೆ ಕಲಿಸಿದರು. ಇವತ್ತು ನೀವು ಪಾರ್ಕುಗಳ ವಿಡಿಯೋದಲ್ಲಿ ನೋಡುವುದು ಹೆಚ್ಚಾಗಿ ಅದನ್ನೇ. 2020ರಲ್ಲಿ ಯುನೆಸ್ಕೋ ಇದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಯುದ್ಧದ ವಿದ್ಯೆ ಕುಣಿತದ ಹಾಗೆ ಕಾಣುವುದು ನಮಗೆ ವಿಚಿತ್ರ ಅನ್ನಿಸಬೇಕಿಲ್ಲ ಅಲ್ವಾ? ಪುತ್ತರಿ ಹಬ್ಬದಲ್ಲಿ ಊರ ಮಂದ್ ಮೈದಾನದಲ್ಲಿ ಪರಿಯಕಳಿ ಆಡುವವರನ್ನು ಯಜಮಾನರು ನೋಡಿರುತ್ತಾರೆ. ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಗುರಾಣಿ, ಏಟು ಬೀಳುವುದು ಮಂಡಿಯ ಕೆಳಗೆ. ಅಲ್ಲಿ ಉಳಿಯುವವನು ಯಾರು? ಮಂಡಿ ಸಡಿಲ ಇಟ್ಟುಕೊಂಡು, ಬೇಕಾದ ಕ್ಷಣಕ್ಕೆ ಬೇಕಾದ ಕಾಲನ್ನು ಖಾಲಿ ಮಾಡಬಲ್ಲವನು.

ಪ್ರಯೋಜನದ ಬಗ್ಗೆಯೂ ಹೇಳಿಬಿಡುತ್ತೇನೆ. ನಿಮ್ಮಂಥದೇ ಮಂಡಿ ಸವೆತ ಇದ್ದ 204 ಜನರ ಮೇಲೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಒಂದು ಗುಂಪು 12 ವಾರ, ವಾರಕ್ಕೆ ಎರಡು ಸಲ ತೈ ಚಿ ಮಾಡಿತು. ಇನ್ನೊಂದು ಗುಂಪಿಗೆ ಫಿಸಿಯೋಥೆರಪಿ. ಎರಡೂ ಗುಂಪಿನಲ್ಲಿ ನೋವು ಹೆಚ್ಚುಕಡಿಮೆ ಒಂದೇ ಅಳತೆಗೆ ಇಳಿಯಿತು. ಅದಕ್ಕೂ ಮೊದಲು, 2012ರಲ್ಲಿ, ಪಾರ್ಕಿನ್ಸನ್ ಕಾಯಿಲೆಯ 195 ಜನರ ಅಧ್ಯಯನ ಬಂದಿತ್ತು. 24 ವಾರ ತೈ ಚಿ ಮಾಡಿದವರ ಸಮತೋಲನ, ಬರೀ ಮೈ ಚಾಚುವ ವ್ಯಾಯಾಮ ಮಾಡಿದವರಿಗಿಂತ ಚೆನ್ನಾಗಿತ್ತು. ಅವರು ಬಿದ್ದದ್ದೂ ಕಡಿಮೆ. ವಯಸ್ಸಾದವರು ಬೀಳುವುದನ್ನು ಕಡಿಮೆ ಮಾಡಲು ತೈ ಚಿ ನೆರವಾಗುತ್ತದೆ ಎಂಬುದಕ್ಕೆ ಇಂಥ ಆಧಾರ ಇನ್ನೂ ಇದೆ. ಇದಕ್ಕಿಂತ ಮುಂದೆ ಹೋಗಿ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ, ಕ್ಯಾನ್ಸರ್ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಹತ್ತಿರ ಕಲಿಯಬೇಡಿ.

ಈಗ ಕೆಲಸಕ್ಕೆ ಇಳಿಯೋಣ.

ಮೊದಲ ವಾರ ಬರೀ ನಿಲ್ಲುವುದು. ಜಗಲಿ ಕಂಬದ ಪಕ್ಕ ನಿಂತುಕೊಳ್ಳಿ, ಬೇಕಾದರೆ ಹಿಡಿಯಲು ಕೈಗೆ ಸಿಗುವ ಹಾಗೆ. ಪಾದಗಳ ನಡುವೆ ಭುಜದಷ್ಟು ಅಂತರ, ಎರಡೂ ನೇರ ಮುಂದಕ್ಕೆ. ಮಂಡಿಯನ್ನು ಬಗ್ಗಿಸುವುದಲ್ಲ, ಬೀಗ ತೆಗೆದ ಹಾಗೆ ಸಡಿಲ ಬಿಡುವುದು. ಎತ್ತರದ ಸ್ಟೂಲಿನ ಅಂಚಿಗೆ ಕೂರಲು ಹೊರಟು ಅರ್ಧಕ್ಕೂ ಮೊದಲೇ ನಿಂತ ಹಾಗಿದ್ದರೆ ಸಾಕು. ನೆತ್ತಿಗೆ ಒಂದು ದಾರ ಕಟ್ಟಿ ಮಾಡಿನಿಂದ ಇಳಿಬಿಟ್ಟಿದ್ದಾರೆ ಅಂದುಕೊಳ್ಳಿ. ತಲೆ ಮೇಲೆ, ಸೊಂಟ ಕೆಳಗೆ. ಭುಜ ಇಳಿಯಲಿ. ನಮ್ಮ ಹೆಂಗಸರಿಗೆ ಭುಜ ಯಾವಾಗಲೂ ಕಿವಿ ಹತ್ತಿರವೇ ಇರುತ್ತದೆ, ಕೆಲಸ ಹಾಗಿರುತ್ತದೆ. ದಿನಕ್ಕೆ ಹತ್ತು ಸಲ ನೆನಪು ಮಾಡಿಕೊಂಡು ಇಳಿಸಬೇಕು. ಹೀಗೆ ಎರಡು ನಿಮಿಷ. ಸಲೀಸು ಅನ್ನಿಸಿದರೆ ಐದು ನಿಮಿಷ. ತೊಡೆ ಬಿಸಿಯಾದರೆ ಸರಿ ದಾರಿಯಲ್ಲಿದ್ದೀರಿ. ಮಂಡಿಯೊಳಗೆ ಚುಚ್ಚಿದರೆ ಇನ್ನೂ ಎತ್ತರಕ್ಕೆ ನಿಂತುಕೊಳ್ಳಿ.

ಎರಡನೇ ವಾರ ತೂಕ ದಾಟಿಸುವುದು. ಅದೇ ನಿಲುವಿನಲ್ಲಿ ಮೈತೂಕವನ್ನು ನಿಧಾನವಾಗಿ ಬಲಗಾಲಿಗೆ ಕಳಿಸಿ. ಒಂದು ಕೊಡದಿಂದ ಇನ್ನೊಂದು ಕೊಡಕ್ಕೆ ನೀರು ಬಗ್ಗಿಸುತ್ತೀರಲ್ಲ, ಹಾಗೆ, ಚೆಲ್ಲದ ಹಾಗೆ. ಎಡಗಾಲು ಪೂರ್ತಿ ಖಾಲಿಯಾಯಿತಾ ಎಂದು ಹೇಗೆ ಗೊತ್ತಾಗಬೇಕು? ಮೈ ಸ್ವಲ್ಪವೂ ವಾಲದೆ ಎಡ ಹಿಮ್ಮಡಿ ಎತ್ತಲು ಬಂದರೆ ಖಾಲಿಯಾಗಿದೆ. ಎತ್ತುವಾಗ ಸೊಂಟ ಒಂದು ಕಡೆಗೆ ಎಳೆದರೆ ಇನ್ನೂ ಅಲ್ಲಿ ತೂಕ ಉಳಿದಿದೆ ಎಂದರ್ಥ. ಆಮೇಲೆ ಇನ್ನೊಂದು ಕಡೆಗೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ನಾಲ್ಕೈದು ಸೆಕೆಂಡ್ ಆಗಲಿ. ಇಪ್ಪತ್ತು ಸಲ ಸಾಕು. ನಿಮ್ಮ ಬಲಗಾಲು ಪೂರ್ತಿ ತುಂಬಲು ಹಿಂಜರಿಯುತ್ತದೆ, ನೋಡುತ್ತಿರಿ. ನೋಯುವ ಮಂಡಿಯನ್ನು ಮೈ ತಾನಾಗಿಯೇ ತಪ್ಪಿಸುತ್ತಾ ಬಂದಿರುತ್ತದೆ. ಅದನ್ನು ಬಲವಂತ ಮಾಡಬೇಡಿ. ಮೊದಲು ಕಾಲುಭಾಗ, ಆಮೇಲೆ ಅರ್ಧ, ಹಾಗೆ ಒಪ್ಪಿಸಿಕೊಂಡು ಹೋಗಿ.

ಮೂರನೇ ವಾರದಿಂದ ನಡಿಗೆ. ನಾನು ತೈ ಚಿಯಲ್ಲಿ ಬೇರೆಲ್ಲಕ್ಕಿಂತ ಇದನ್ನೇ ಹೆಚ್ಚು ಮಾಡಿಸುವುದು. ಎಡಗಾಲಿನ ಮೇಲೆ ಪೂರ್ತಿ ನಿಲ್ಲಿ. ಬಲಗಾಲನ್ನು ಮುಂದಕ್ಕೆ ತನ್ನಿ, ಹಿಮ್ಮಡಿಯನ್ನಷ್ಟೇ ನೆಲಕ್ಕೆ ತಾಗಿಸಿ. ಇನ್ನೂ ತೂಕ ಹಾಕಬೇಡಿ. ಇಲ್ಲಿ ಒಂದು ಕ್ಷಣ ನಿಂತು, ಬೇಕೆಂದರೆ ಈ ಕಾಲನ್ನು ಹಿಂದಕ್ಕೆ ತೆಗೆಯಲು ಬರುತ್ತದಾ ಎಂದು ಪರೀಕ್ಷೆ ಮಾಡಿ. ಬಂದರೆ ಸರಿಯಾಗಿದೆ. ಬರಲಿಲ್ಲವೆಂದರೆ ಹೆಜ್ಜೆ ಉದ್ದವಾಯಿತು, ಚಿಕ್ಕದು ಮಾಡಿ. ಈಗ ಅಂಗಾಲನ್ನು ನಿಧಾನವಾಗಿ ನೆಲಕ್ಕೆ ಹಾಸಿ, ಆಮೇಲೆ ತೂಕವನ್ನು ಮುಂದಕ್ಕೆ ಕಳಿಸಿ. ಪೂರ್ತಿ ಮುಂದಕ್ಕೆ ಹೋದ ಮೇಲೆ ಹಿಂದಿನ ಕಾಲು ಹಗುರವಾಗಿ ಎದ್ದು ಬರುತ್ತದೆ. ಹೆಜ್ಜೆಗಳನ್ನು ಒಂದೇ ಗೆರೆಯ ಮೇಲೆ ಇಡಬೇಡಿ, ಹಗ್ಗದ ಮೇಲೆ ನಡೆದ ಹಾಗಾಗುತ್ತದೆ. ಎರಡು ಹಿಮ್ಮಡಿಗಳ ನಡುವೆ ಅಡ್ಡಕ್ಕೆ ಒಂದು ಗೇಣು ಜಾಗ ಇರಲಿ. ಕಣ್ಣು ಪಾದದ ಮೇಲೆ ಬೇಡ. ಎದುರಿನ ಸಿಲ್ವರ್ ಓಕ್ ಮರ ನೋಡಿ. ತಲೆ ಬಗ್ಗಿಸಿದರೆ ತೂಕವೂ ಮುಂದೆ ಓಡುತ್ತದೆ.

ಇದನ್ನು ಜಗಲಿಯ ಈ ತುದಿಯಿಂದ ಆ ತುದಿಯವರೆಗೆ, ದಿನಕ್ಕೆ ಹತ್ತು ನಿಮಿಷ. ಎರಡು ವಾರ ಬಿಡದೆ ಮಾಡಿ. ಆಮೇಲೆ ಆ ವಿಡಿಯೋ ತೆಗೆದು ನೋಡಿ. ಕೈಗಳು ಯಾಕೆ ಹಾಗೆ ಹೋಗುತ್ತವೆ ಎಂದು ಅರ್ಥವಾಗಲು ಶುರುವಾಗುತ್ತದೆ. ತೂಕ ದಾಟುವಾಗ ಸೊಂಟ ತಿರುಗುತ್ತದೆ, ಸೊಂಟ ತಿರುಗಿದ್ದಕ್ಕೆ ಕೈ ಹೋಗುತ್ತದೆ. ಕಾಲು ತಪ್ಪಿದಾಗ ಕೈ ಮರೆಯುತ್ತಿದ್ದುದು ನೆನಪಿನ ದೋಷ ಅಲ್ಲ ಅಕ್ಕ. ಕೈಗೆ ಹೊರಡುವ ಜಾಗವೇ ಇರಲಿಲ್ಲ.

ಮಂಡಿಯ ವಿಷಯಕ್ಕೆ ಇನ್ನೂ ಸ್ವಲ್ಪ ಜಾಗ ಕೊಡಬೇಕು. ತೈ ಚಿ ಮಂಡಿಗೆ ಒಳ್ಳೆಯದು ಎನ್ನುತ್ತಾರೆ, ಅದು ನಿಜ. ತಪ್ಪಾಗಿ ಮಾಡಿದರೆ ಮಂಡಿಯನ್ನೇ ಕೆಡಿಸುತ್ತದೆ, ಅದೂ ನಿಜ. ಕಲಿಯಲು ಶುರು ಮಾಡಿದ ಮೊದಲ ವರ್ಷದಲ್ಲೇ ನನಗೆ ಎಡ ಮಂಡಿ ನೋವು ಬಂತು. ಮೂರು ತಿಂಗಳು ಮೆಟ್ಟಿಲು ಹತ್ತಲು ಕಷ್ಟ. ತಪ್ಪು ಏನೆಂದರೆ, ತೂಕ ತುಂಬಿದ ಪಾದವನ್ನು ನೆಲದ ಮೇಲೆ ತಿರುಚುತ್ತಿದ್ದೆ. ಪಾದ ನೆಲಕ್ಕೆ ಅಂಟಿರುತ್ತದೆ, ಸೊಂಟ ತಿರುಗುತ್ತದೆ, ನಡುವೆ ಸಿಕ್ಕಿ ಹಾಕಿಕೊಳ್ಳುವುದು ಮಂಡಿ. ಮಂಡಿ ಬಾಗಿಲಿನ ತಿರುಗಣೆಯ ಹಾಗೆ. ಮಡಚುತ್ತದೆ, ಬಿಚ್ಚುತ್ತದೆ. ಹಿಂಡಿದರೆ ತಡೆದುಕೊಳ್ಳುವುದಿಲ್ಲ. ತಿರುಗುವ ಕೆಲಸ ಮೇಲೆ ತೊಡೆಸಂದಿನದು.

ಹಾಗಾಗಿ ನಿಮಗೆ ಎರಡೇ ನಿಯಮ. ಪಾದ ತಿರುಗಿಸಬೇಕಾದಾಗ ಮೊದಲು ತೂಕವನ್ನು ಇನ್ನೊಂದು ಕಾಲಿಗೆ ಕಳಿಸಿ, ಈ ಕಾಲನ್ನು ಹಗುರ ಮಾಡಿ, ಆಮೇಲೆ ಹಿಮ್ಮಡಿಯ ಮೇಲೆ ತಿರುಗಿಸಿ. ಎರಡನೆಯದು, ಮಂಡಿ ಬಗ್ಗಿದಾಗಲೆಲ್ಲ ಕಾಲ್ಬೆರಳು ನೋಡುವ ದಿಕ್ಕನ್ನೇ ನೋಡಬೇಕು. ಒಳಕ್ಕೆ ಬೀಳಬಾರದು, ಕಾಲ್ಬೆರಳಿನ ತುದಿ ದಾಟಿ ಮುಂದೆ ಹೋಗಬಾರದು. ಚಲನೆಗಳಲ್ಲಿ ಮತ್ತೆ ಮತ್ತೆ ಬರುವ ಬಿಲ್ಲು ಹೆಜ್ಜೆ ಎಂಬ ನಿಲುವಿದೆ. ಮುಂದಿನ ಕಾಲಿನಲ್ಲಿ ಸುಮಾರು 70 ಪಾಲು, ಹಿಂದಿನದರಲ್ಲಿ 30 ಪಾಲು ತೂಕ. ಅಲ್ಲಿಯೇ ಎಲ್ಲರ ಮಂಡಿ ಒಳಕ್ಕೆ ಬೀಳುವುದು. ಮೊಬೈಲನ್ನು ಎದುರಿಗೆ ಒಂದು ಸಲ, ಪಕ್ಕದಿಂದ ಒಂದು ಸಲ ಇಟ್ಟು ನಿಮ್ಮದೇ ವಿಡಿಯೋ ತೆಗೆದು ನೋಡಿ. ಕನ್ನಡಿಗಿಂತ ಇದು ಒಳ್ಳೆಯದು, ಮಾಡುವಾಗ ಕತ್ತು ತಿರುಗಿಸಬೇಕಾಗಿಲ್ಲ. ಇನ್ನು, ಕೆಳಗೆ ಕುಳಿತಷ್ಟೂ ಚೆನ್ನಾಗಿ ಬಂತು ಅಂದುಕೊಳ್ಳಬೇಡಿ. ವಿಡಿಯೋದಲ್ಲಿ ನೆಲಕ್ಕೆ ತಾಗುವ ಹಾಗೆ ಇಳಿಯುವವರು ಚಿಕ್ಕಂದಿನಿಂದ ಕಲಿತವರು. ನೀವು ನಿಂತಷ್ಟೇ ಎತ್ತರದಲ್ಲಿ ಮಾಡಿ. ತೈ ಚಿ ಅದರಿಂದ ಕಡಿಮೆಯಾಗುವುದಿಲ್ಲ.

ಯಾವ ಪದ್ಧತಿ ಎಂದು ನೀವು ಕೇಳಿಲ್ಲ, ಆದರೆ ಹುಡುಕಲು ಹೊರಟಾಗ ಈ ಹೆಸರುಗಳು ಎದುರಾಗುತ್ತವೆ. ಚೆನ್, ಯಾಂಗ್, ಸುನ್ ಮತ್ತು ವು ಎಂದೇ ಕೇಳಿಸುವ ಇನ್ನೆರಡು, ಹೀಗೆ ಮುಖ್ಯವಾಗಿ ಐದು. ಚೆನ್ ಪದ್ಧತಿಯಲ್ಲಿ ಕಾಲು ಅಪ್ಪಳಿಸುವುದು, ಝಟ್ಟನೆ ಹೊಡೆಯುವುದು ಇರುತ್ತದೆ, ನಿಮಗೆ ಈಗ ಬೇಡ. ಯಾಂಗ್ ಪದ್ಧತಿಯಿಂದ 1956ರಲ್ಲಿ ಚೀನಾದ ಕ್ರೀಡಾ ಇಲಾಖೆ 24 ಚಲನೆಗಳ ಒಂದು ಚಿಕ್ಕ ಕ್ರಮ ಮಾಡಿತು. ಜಗತ್ತಿನಲ್ಲಿ ಹೆಚ್ಚು ಜನ ಕಲಿಯುವುದು ಅದನ್ನೇ. ಮುಗಿಸಲು ಐದಾರು ನಿಮಿಷ ಸಾಕು. ಸುನ್ ಪದ್ಧತಿಯಲ್ಲಿ ನಿಲುವು ಎತ್ತರ, ಹೆಜ್ಜೆ ಚಿಕ್ಕದು, ಒಂದು ಕಾಲು ಹೋದರೆ ಇನ್ನೊಂದು ಹಿಂದೆಯೇ ಬರುತ್ತದೆ. ಆಸ್ಟ್ರೇಲಿಯಾದ ಪಾಲ್ ಲ್ಯಾಮ್ ಎಂಬ ವೈದ್ಯರು 1997ರಲ್ಲಿ ಕೀಲುನೋವಿನವರಿಗಾಗಿ ಒಂದು ಪಾಠಕ್ರಮ ಮಾಡಿದಾಗ ಸುನ್ ಪದ್ಧತಿಯನ್ನೇ ಆಧಾರ ಮಾಡಿಕೊಂಡರು. ಅವರಿಗೂ ಕೀಲುನೋವು ಇತ್ತು. ನಿಮ್ಮ ಬಲ ಮಂಡಿ ನೋಡಿದರೆ ನಾನು ಅದರಿಂದ ಶುರು ಮಾಡಿ ಅನ್ನುತ್ತೇನೆ. ಆರು ತಿಂಗಳಾದ ಮೇಲೆ ಇಷ್ಟವಿದ್ದರೆ 24ರ ಕ್ರಮಕ್ಕೆ ಬನ್ನಿ.

ವಿಡಿಯೋ ಆರಿಸುವಾಗ ಕಲಿಸುವವರ ಬೆನ್ನು ಕಾಣುವಂಥದ್ದನ್ನು ಹುಡುಕಿ. ಎದುರು ನಿಂತವರನ್ನು ನೋಡಿಕೊಂಡು ಮಾಡಿದರೆ ಎಡ ಬಲ ಅದಲುಬದಲಾಗುತ್ತದೆ. ನಿಮ್ಮ ಎರಡು ವಾರದ ಗೊಂದಲದಲ್ಲಿ ಇದರ ಪಾಲೂ ಇರಬಹುದು. ವಾರಕ್ಕೆ ಒಂದೇ ಚಲನೆ ಕಲಿಯಿರಿ. ಮೊದಲ ಮೂರು ದಿನ ಕಾಲು ಮಾತ್ರ, ನಾಲ್ಕನೇ ದಿನ ಸೊಂಟ, ಆಮೇಲೆ ಕೈ. ಹಳೆಯದನ್ನು ದಿನವೂ ಮೊದಲಿಂದ ಮಾಡಿ ಹೊಸದಕ್ಕೆ ಹೋಗಿ. ಚಲನೆಗಳ ಹೆಸರು ನೆನಪಿಟ್ಟುಕೊಳ್ಳಿ, ಹೆಸರೇ ಅರ್ಧ ಪಾಠ. ಕಾಡುಕುದುರೆಯ ಜೂಲು ಬಿಡಿಸುವುದು, ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚುವುದು, ಮೋಡದ ಹಾಗೆ ಕೈ ಆಡಿಸುವುದು. ಮಡಿಕೇರಿಯಲ್ಲಿ ಬೆಳಿಗ್ಗೆ ರಾಜಾಸೀಟಿನ ಕೆಳಗಿನ ಕಣಿವೆಯಲ್ಲಿ ಮಂಜು ಸರಿಯುವುದನ್ನು ನೋಡಿದ ಮೇಲೆ ಆ ಮೂರನೆಯದನ್ನು ನಾನು ಯಾರಿಗೂ ಮಾತಿನಲ್ಲಿ ವಿವರಿಸಲು ಹೋಗಿಲ್ಲ.

ಆದರೂ ಒಬ್ಬ ಗುರುವಿನ ಕಣ್ಣು ಬೇಕೇ ಬೇಕು. ದಿನವೂ ಬೇಡ. ಮೈಸೂರಿಗೋ, ಮಗಳನ್ನು ನೋಡಲು ಬೆಂಗಳೂರಿಗೋ ಹೋದಾಗ ಎರಡು ಮೂರು ತಿಂಗಳಿಗೊಮ್ಮೆ ಒಂದು ಗಂಟೆ ಸಿಕ್ಕರೂ ಸಾಕು. ಮಗಳಿಗೇ ಹುಡುಕಲು ಹೇಳಿ. ಹೋದ ದಿನ ಅವರು ನಿಮ್ಮ ಪಾದ ನೋಡುತ್ತಾರಾ, ಮಂಡಿಯ ಬಗ್ಗೆ ಕೇಳುತ್ತಾರಾ ಎಂದು ಗಮನಿಸಿ. ನೋವು ಎಂದರೆ ಸಹಿಸಿಕೊಳ್ಳಿ ಅನ್ನುವವರು, ಮೂರು ದಿನದಲ್ಲಿ ಸರ್ಟಿಫಿಕೇಟ್ ಕೊಡುವವರು ನಿಮಗೆ ಬೇಡ. ಕುಶಾಲನಗರದ ಹತ್ತಿರ ಬೈಲುಕುಪ್ಪೆಯ ಮಠದಲ್ಲಿ ಕಲಿಸಬಹುದಾ ಎಂದು ಹಲವರು ನನ್ನನ್ನು ಕೇಳುತ್ತಾರೆ. ಅಲ್ಲಿರುವುದು ಟಿಬೆಟಿನ ಬೌದ್ಧ ಪರಂಪರೆ. ತೈ ಚಿ ಬೆಳೆದದ್ದು ಚೀನೀಯರ ಬೇರೆ ಪರಂಪರೆಯಲ್ಲಿ.

ಉಸಿರಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಪ್ರಾಣಾಯಾಮ ಮಾಡಿ ಅಭ್ಯಾಸ ಇರುವವರು ಇಲ್ಲಿಯೂ ಉಸಿರು ಹಿಡಿಯುತ್ತಾರೆ. ಹಿಡಿಯಬಾರದು. ಮೂಗಿನಲ್ಲಿ ಬಂದ ಹಾಗೆ ಬರಲಿ, ಹೋದ ಹಾಗೆ ಹೋಗಲಿ. ಚಲನೆ ನಿಧಾನವಾದಂತೆ ಉಸಿರೂ ತಾನಾಗಿ ಉದ್ದವಾಗುತ್ತದೆ. ಚಿ ಅಂದರೆ ಪ್ರಾಣಶಕ್ತಿ, ಅದು ಅಂಗೈಯಲ್ಲಿ ಬಿಸಿಯಾಗಿ ಹರಿಯಬೇಕು ಎಂದು ಕೆಲವು ವಿಡಿಯೋಗಳಲ್ಲಿ ಹೇಳುತ್ತಾರೆ. ತೈ ಚಿ ಎಂಬ ಹೆಸರಿನಲ್ಲಿರುವ ಚಿ ಬೇರೆ ಪದ, ಅದಕ್ಕೆ ತುದಿ, ಕೊನೆಯ ಮೇರೆ ಎಂಬ ಅರ್ಥ. ಪ್ರಾಣಶಕ್ತಿಯ ಚಿ ಇನ್ನೊಂದು. ನಿಮ್ಮ ಅಂಗೈ ಬಿಸಿಯಾಗಲಿಲ್ಲ ಎಂದು ಬೇಸರ ಬೇಡ.

ಜಾಗದ ಮಾತು. ನಮ್ಮ ಗುಡ್ಡದ ಊರಿನಲ್ಲಿ ಸಮತಟ್ಟು ನೆಲ ಅಂದರೆ ಕಾಫಿ ಕಣ. ಕೊಯ್ಲು ಮುಗಿದು ಕಾಫಿ ಎತ್ತಿದ ಮೇಲೆ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ದಿನಗಳಿಂದ ಮೇ ಕೊನೆಯವರೆಗೆ, ಬೆಳಿಗ್ಗೆ ಆರೂವರೆಗೆ ಅಲ್ಲಿಗಿಂತ ಒಳ್ಳೆಯ ಜಾಗ ಇಲ್ಲ. ಮಳೆ ಶುರುವಾದರೆ ಕಣದ ಕಡೆಗೇ ಹೋಗಬೇಡಿ, ಸಿಮೆಂಟಿನ ಮೇಲೆ ಪಾಚಿ ಕಣ್ಣಿಗೆ ಕಾಣುವ ಮೊದಲೇ ಕಾಲಿಗೆ ಸಿಗುತ್ತದೆ. ಜಗಲಿಗೆ ಬನ್ನಿ. ಎಂಟು ಹೆಜ್ಜೆ ಉದ್ದ ಇದ್ದರೆ ಸಾಕು. ರೆಡ್ ಆಕ್ಸೈಡ್ ನೆಲದಲ್ಲಿ ಸಾಕ್ಸ್ ಹಾಕಿಕೊಂಡು ಮಾಡಲೇಬಾರದು, ಜಾರುತ್ತದೆ. ಚಳಿಗೆ ಬರಿಗಾಲು ಕಷ್ಟ ಅನ್ನಿಸಿದರೆ ತೆಳ್ಳಗಿನ, ಚಪ್ಪಟೆ ಅಡಿಯ ಕ್ಯಾನ್ವಾಸ್ ಶೂ ಹಾಕಿ. ಗಮ್ ಬೂಟಿನಲ್ಲಿ ಹಿಮ್ಮಡಿ ನೆಲ ಮುಟ್ಟಿದ್ದು ಗೊತ್ತಾಗುವುದಿಲ್ಲ. ಹವಾಯಿ ಚಪ್ಪಲಿಯಲ್ಲಿ ಬೆರಳುಗಳು ಚಪ್ಪಲಿ ಹಿಡಿಯುವುದರಲ್ಲೇ ಇರುತ್ತವೆ.

ಕೊಯ್ಲಿನ ಸಮಯ ಬಂದಾಗ ಎಲ್ಲರೂ ಬಿಟ್ಟುಬಿಡುತ್ತಾರೆ. ಡಿಸೆಂಬರಿಂದ ಫೆಬ್ರವರಿವರೆಗೆ ಮನೆಯಲ್ಲಿ ಕುಳಿತುಕೊಳ್ಳಲು ಪುರುಸೊತ್ತಿರುವುದಿಲ್ಲ, ಗೊತ್ತು. ಆ ದಿನಗಳಲ್ಲಿ ಹೊಸದೇನೂ ಕಲಿಯಬೇಡಿ. ಸಂಜೆ ಕಾಫಿ ತೂಕ ಹಾಕಿ, ಕೆಲಸದವರನ್ನು ಕಳಿಸಿ, ಕಾಲು ತೊಳೆದು ಒಳಗೆ ಬರುವ ಮೊದಲು ಜಗಲಿಯಲ್ಲಿ ಎರಡು ನಿಮಿಷ ತೂಕ ದಾಟಿಸಿ. ಅಷ್ಟೇ. ವಾರಕ್ಕೊಂದು ದಿನ ಒಂದು ಗಂಟೆ ಮಾಡುವುದಕ್ಕಿಂತ ದಿನಕ್ಕೆ ಈ ಎರಡು ನಿಮಿಷ ಕಾಲಿಗೆ ಹೆಚ್ಚು ನೆನಪಿರುತ್ತದೆ. ತೋಟದಲ್ಲಿ ಇಳಿಯುವಾಗ ಕೋಲು ಹಿಡಿಯುವುದನ್ನು ಮಾತ್ರ ಬಿಡಬೇಡಿ. ಇದನ್ನು ಕಲಿತೆ, ಇನ್ನು ಬೀಳಲ್ಲ ಎಂಬ ಧೈರ್ಯದಲ್ಲಿ ಇಂಬಳ (ಜಿಗಣೆ) ಕೀಳಲು ಒಂದೇ ಕಾಲಿನಲ್ಲಿ ನಿಂತು ಬಿದ್ದವರನ್ನು ನಾನು ನೋಡಿದ್ದೇನೆ.

ಶುರು ಮಾಡುವ ಮೊದಲು ಡಾಕ್ಟರಿಗೆ ಒಂದು ಮಾತು ಹೇಳಿ. ನಿಂತಾಗ ತಲೆ ಸುತ್ತುತ್ತದಾ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತೀರಾ, ಮೂಳೆ ಟೊಳ್ಳಾಗಿದೆ ಎಂದು ಯಾವಾಗಲಾದರೂ ಹೇಳಿದ್ದಾರಾ, ಇದೆಲ್ಲ ಅವರಿಗೆ ಗೊತ್ತಿರಲಿ. ಮಾಡುತ್ತಿರುವಾಗ ಮಂಡಿ ಊದಿಕೊಂಡರೆ, ಮರುದಿನವೂ ನೋವು ಇಳಿಯದಿದ್ದರೆ ನಿಲ್ಲಿಸಿ ತೋರಿಸಿ. ತೊಡೆ ನೋವು ಎರಡು ದಿನ ಇದ್ದರೆ ಹೆದರಬೇಡಿ, ಅದು ಕೆಲಸ ಮಾಡಿದ ನೋವು.

ನಾಳೆ ಬೆಳಿಗ್ಗೆ ಶುರು ಮಾಡುವ ಮೊದಲು ಇನ್ನೊಂದು ಕೆಲಸ ಇದೆ. ಜಗಲಿ ಕಂಬದ ಪಕ್ಕ ನಿಂತು, ಯಜಮಾನರ ಕೈಗೆ ಗಡಿಯಾರ ಕೊಟ್ಟು, ಒಂದು ಕಾಲು ಎತ್ತಿ ಎಷ್ಟು ಸೆಕೆಂಡ್ ನಿಲ್ಲುತ್ತೀರಿ ನೋಡಿ. ಬಲಗಾಲು ಬೇರೆ, ಎಡಗಾಲು ಬೇರೆ. ಎರಡೂ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತಿನ ತಾರೀಖಿನ ಕೆಳಗೆ ಬರೆದಿಡಿ. ಯಜಮಾನರಿಂದಲೂ ಒಂದು ಸಲ ಮಾಡಿಸಿ, ಅವರದ್ದನ್ನೂ ಬರೆಯಿರಿ. ಮೂರು ತಿಂಗಳಾದ ಮೇಲೆ ಅದೇ ಕಂಬದ ಪಕ್ಕ ಮತ್ತೆ ನಿಂತು, ಆಗ ಬಂದ ಅಂಕಿಗಳನ್ನು ನನಗೆ ಬರೆದು ಕಳಿಸಿ. ಅದನ್ನು ನೋಡಿ ಮುಂದೆ ಯಾವ ಚಲನೆ ಎಂದು ಹೇಳುತ್ತೇನೆ.